ಗುಲಾಮರ ಹಡಗಿನಲ್ಲಿ ಹುಟ್ಟಿದ ಕೃಪೆಯ ಕತೆ

‘ಎಲ್ಲ ದೇವರ ಕೃಪೆ’ ಎಂದು ನಾವು ಮಾತಿಗೆ ಅನ್ನುವುದುಂಟು. ಕ್ರೈಸ್ತ ಧರ್ಮದಲ್ಲಿ ಈ ಪದಕ್ಕೆ ಇನ್ನೂ ಖಚಿತವಾದ ಅರ್ಥವಿದೆ. ಯೋಗ್ಯತೆಯನ್ನು ಎಣಿಸದೆ ದೇವರು ಕೊಡುವ ಕೊಡುಗೆಯೇ ಕೃಪೆ. ಮನುಷ್ಯ ಸ್ವಂತ ಬಲದಿಂದಲೇ ಒಳ್ಳೆಯವನಾಗಬಲ್ಲ ಎಂದು ಐದನೆಯ ಶತಮಾನದ ಆರಂಭದಲ್ಲಿ ಪೆಲಾಜಿಯಸ್ ವಾದಿಸಿದಾಗ, ಹಿಪ್ಪೋದ ಬಿಷಪ್ ಅಗಸ್ಟೀನರು ಅದನ್ನು ಖಂಡಿಸಿದರು. ಒಳ್ಳೆಯದನ್ನು ಬಯಸುವ ಮನಸ್ಸನ್ನೂ ಮಾಡುವ ಶಕ್ತಿಯನ್ನೂ ಕೃಪೆಯೇ ಕೊಡಬೇಕು ಎಂಬುದು ಅವರ ನಿಲುವು. 418ರಲ್ಲಿ ಸೇರಿದ ಕಾರ್ತೇಜ್ ಧರ್ಮಸಭೆ ಪೆಲಾಜಿಯಸ್‌ನ ವಾದವನ್ನು ತಿರಸ್ಕರಿಸಿತು.

ಹಾಗಾದರೆ ಕೃಪೆ ಪಡೆದವನು ರಾತ್ರಿ ಬೆಳಗಾಗುವುದರೊಳಗೆ ಬದಲಾಗುತ್ತಾನೆಯೇ? ಜಾನ್ ನ್ಯೂಟನ್‌ನ ಬದುಕು ಈ ಪ್ರಶ್ನೆಗೆ ಕೊಡುವ ಉತ್ತರ ಅಷ್ಟು ಸರಳವಲ್ಲ.

1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ನ್ಯೂಟನ್ ಹಡಗಿನ ಕಪ್ತಾನನ ಮಗ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು ಸಮುದ್ರದ ಬದುಕಿಗೆ ಬಿದ್ದ. ಒರಟು ನಾಲಿಗೆ, ದೇವನಿಂದೆ ಆತನಿಗೆ ಸಹಜವಾಗಿದ್ದವು. 1748ರ ಮಾರ್ಚಿಯಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ ಆತನಿದ್ದ ‘ಗ್ರೇಹೌಂಡ್’ ಹಡಗು ಮುಳುಗುವಂತಾದಾಗ, ಅವನ ಬಾಯಿಂದ ಪ್ರಾರ್ಥನೆ ಹೊರಟಿತು. ಒಡೆದ ಹಡಗು ವಾರಗಳ ನಂತರ ಐರ್ಲೆಂಡಿನ ದಡ ಸೇರಿತು. ಆ ದಿನವನ್ನು ಆತ ಜೀವನವಿಡೀ ಸ್ಮರಿಸಿಕೊಂಡ.

ಆದರೆ ಮುಂದೆ ನಡೆದದ್ದು ನಮ್ಮನ್ನು ಕಸಿವಿಸಿಗೊಳಿಸುತ್ತದೆ. ಇದಾದ ಮೇಲೆಯೇ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾದ! ಮೇಲೆ ನಾವಿಕರಿಗೆ ಆತ ಪ್ರಾರ್ಥನೆ ನಡೆಸುತ್ತಿದ್ದರೆ, ಕೆಳಗಿನ ಅಂತಸ್ತಿನಲ್ಲಿ ಆಫ್ರಿಕದ ಜನ ಸರಪಳಿಯಲ್ಲಿ ನರಳುತ್ತಿದ್ದರು. 1754ರಲ್ಲಿ ಆತ ಕಡಲ ವೃತ್ತಿ ಬಿಟ್ಟದ್ದು ಕೂಡ ಅನಾರೋಗ್ಯದಿಂದಲೇ ಹೊರತು ಪಶ್ಚಾತ್ತಾಪದಿಂದಲ್ಲ.

ಪ್ರೊಟೆಸ್ಟೆಂಟ್ ಚಿಂತಕರು ಇಲ್ಲಿ ಎರಡು ಹಂತಗಳನ್ನು ಗುರುತಿಸುತ್ತಾರೆ. ಪಾಪಕ್ಕೆ ಕ್ಷಮೆ ಸಿಗುವುದು ಒಂದು. ಕ್ಷಮೆ ಪಡೆದವನ ಸ್ವಭಾವ ಮೆಲ್ಲಮೆಲ್ಲನೆ ಶುದ್ಧವಾಗುವುದು ಇನ್ನೊಂದು. ಎರಡನೆಯದಕ್ಕೆ ಇಡೀ ಆಯುಷ್ಯವೇ ಬೇಕಾಗಬಹುದು.

1764ರಲ್ಲಿ ನ್ಯೂಟನ್ ಗುರುದೀಕ್ಷೆ ಪಡೆದು ಓಲ್ನಿ ಎಂಬ ಊರಿನ ಪಾದ್ರಿಯಾದ. ‘ಅಮೇಜಿಂಗ್ ಗ್ರೇಸ್’ ಎಂಬ ಜಗತ್ಪ್ರಸಿದ್ಧ ಗೀತೆಯನ್ನು 1773ರ ಹೊಸ ವರ್ಷದ ಪ್ರಾರ್ಥನೆಗಾಗಿ ಬರೆದದ್ದು ಅಲ್ಲಿಯೇ. 1785ರಲ್ಲಿ ಪಾರ್ಲಿಮೆಂಟ್ ಸದಸ್ಯ ವಿಲಿಯಂ ವಿಲ್ಬರ್‌ಫೋರ್ಸ್, ರಾಜಕೀಯ ಬಿಟ್ಟುಬಿಡಲೇ ಎಂಬ ತೊಳಲಾಟದಲ್ಲಿ ಆತನ ಬಳಿಗೆ ಬಂದ. ಇದ್ದಲ್ಲೇ ಇದ್ದು ಸೇವೆ ಮಾಡು ಎಂದು ನ್ಯೂಟನ್ ಸಲಹೆ ಕೊಟ್ಟ. ಗುಲಾಮರ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿನಲ್ಲಿ ದೀರ್ಘ ಹೋರಾಟ ನಡೆಸಿದವನು ಇದೇ ವಿಲ್ಬರ್‌ಫೋರ್ಸ್.

1788ರಲ್ಲಿ, ಹಡಗು ಬಿಟ್ಟ 34 ವರ್ಷಗಳ ಮೇಲೆ, ನ್ಯೂಟನ್ ಆ ವ್ಯಾಪಾರದ ಕ್ರೌರ್ಯವನ್ನು ಬಯಲಿಗೆಳೆಯುವ ಕಿರುಹೊತ್ತಗೆ ಪ್ರಕಟಿಸಿದ. ತನ್ನ ಪಾಲಿನ ತಪ್ಪನ್ನು ಅದರಲ್ಲಿ ಮುಚ್ಚಿಡಲಿಲ್ಲ. ಪಾರ್ಲಿಮೆಂಟ್ ಸಮಿತಿಯ ಮುಂದೆಯೂ ಸಾಕ್ಷಿ ನುಡಿದ. ಆತನ ಮಾತಿಗೆ ತೂಕ ಬಂದದ್ದು, ಆ ಹಡಗುಗಳನ್ನು ನಡೆಸಿದವನೇ ಹೇಳುತ್ತಿದ್ದ ಎಂಬ ಕಾರಣಕ್ಕೆ.

ಬ್ರಿಟನ್ನಿನಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾಯಿದೆಗೆ 1807ರ ಮಾರ್ಚ್ 25ರಂದು ಒಪ್ಪಿಗೆ ಸಿಕ್ಕಿತು. ಅದೇ ಡಿಸೆಂಬರಿನಲ್ಲಿ 82 ವರ್ಷದ ನ್ಯೂಟನ್ ಕಣ್ಣುಮುಚ್ಚಿದ. ಆತ ಸಾಗಿಸಿದ ಜನರಿಗೆ ಆ ಕಾಯಿದೆಯಿಂದ ಬಿಡುಗಡೆ ಸಿಗಲಿಲ್ಲ. ಕೃಪೆ ಹಳೆಯ ಲೆಕ್ಕವನ್ನು ಅಳಿಸಿಹಾಕಲಿಲ್ಲ. ಆ ಲೆಕ್ಕವನ್ನು ಊರೆದುರು ಓದಿ ಹೇಳುವ ಧೈರ್ಯವನ್ನು ಮಾತ್ರ ಕೊಟ್ಟಿತು.