ಬಚ್ಚಲಿನಲ್ಲಿ ನೀರು ನಿಲ್ಲುತ್ತಿದೆಯೇ? ಸೋಡಾ-ವಿನೆಗರ್ ನೊರೆಯಿಂದ ಪೈಪ್ ನಿಜಕ್ಕೂ ಬಿಡುತ್ತದೆಯೇ?

ಸ್ನಾನ ಮುಗಿಯುವಷ್ಟರಲ್ಲಿ ಪಾದ ಮುಳುಗುವಷ್ಟು ನೀರು ನಿಂತಿರುತ್ತದೆ. ಇದಕ್ಕೆ ವಾಟ್ಸಾಪ್‌ನಲ್ಲಿ ಪರಿಹಾರಗಳಿಗೇನೂ ಬರವಿಲ್ಲ. "ಅರ್ಧ ಕಪ್ ಅಡುಗೆ ಸೋಡಾ ಹಾಕಿ, ಮೇಲೆ ಅರ್ಧ ಕಪ್ ವಿನೆಗರ್ ಸುರಿಯಿರಿ, ಪ್ಲಂಬರ್ ಖರ್ಚೇ ಇಲ್ಲ" ಎನ್ನುವುದು ಅದರಲ್ಲಿ ಹಳೆಯದು. ವಿನೆಗರ್ ಜಾಗದಲ್ಲಿ ನಿಂಬೆರಸ, ಈನೋ ಪುಡಿ ಬರುವುದೂ ಉಂಟು. ಕೆಲವು ಸಂದೇಶಗಳು ಇನ್ನೂ ಮುಂದೆ ಹೋಗಿ ಬ್ಲೀಚಿಂಗ್ ಪೌಡರ್ ಉದುರಿಸಿ ಅದರ ಮೇಲೆ ಟಾಯ್ಲೆಟ್ ಆಸಿಡ್ ಹಾಕಲು ಹೇಳುತ್ತವೆ. ಮೊದಲನೆಯದರಿಂದ ಹೆಚ್ಚು ಲಾಭವಿಲ್ಲ, ನಷ್ಟವೂ ಇಲ್ಲ. ಎರಡನೆಯದು ಜೀವಕ್ಕೇ ಅಪಾಯ.

ಅಲ್ಲಿ ಕಟ್ಟಿಕೊಂಡಿರುವುದು ಏನು?

ಬಹುತೇಕ ಮನೆಗಳಲ್ಲಿ ಉತ್ತರ ಒಂದೇ: ಕೂದಲು. ಒಂದೆರಡು ಎಳೆ ಜಾಲರಿಯ ಕೆಳಗೆ ಸಿಕ್ಕಿಕೊಂಡರೆ ಮುಂದಿನ ಎಳೆಗಳು ಅದಕ್ಕೆ ಸುತ್ತಿಕೊಳ್ಳುತ್ತವೆ. ಆ ಉಂಡೆಗೆ ಸೋಪಿನ ಗಸಿ ಅಂಟುತ್ತದೆ. ಬೋರ್‌ವೆಲ್ ನೀರು ಬಳಸುವವರಿಗೆ ಈ ಗಸಿ ಚೆನ್ನಾಗಿ ಗೊತ್ತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿದಾಗ ನೀರಿನಲ್ಲಿ ಕರಗದ ಬಿಳಿ ಪದಾರ್ಥ ಉಂಟಾಗುತ್ತದೆ. ಬಕೆಟ್ ಅಂಚಿಗೆ ಬೂದು ಪಟ್ಟಿಯಾಗಿ ಕೂರುವುದೂ ಅದೇ.

ಎಣ್ಣೆಸ್ನಾನದ ಮನೆಗಳಲ್ಲಿ ಇನ್ನೊಂದು ಸೇರುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಪೈಪಿನೊಳಗೂ ಹೆಪ್ಪುಗಟ್ಟುತ್ತದೆ. ಮೇಲೆ ಸೀಗೆಪುಡಿಯ ಚರಟ ಕೂತರೆ ಗಾರೆ ಹಾಕಿದಂತೆಯೇ. ಹಳೆಯ ಮನೆಗಳಲ್ಲಿ ಬಚ್ಚಲ ನೀರು ನೇರವಾಗಿ ತೆಂಗಿನ ಬುಡಕ್ಕೋ ಬಾಳೆಯ ಬುಡಕ್ಕೋ ಹೋಗುತ್ತಿತ್ತು, ಸಿಕ್ಕಿಕೊಳ್ಳಲು ತಿರುವೇ ಇರಲಿಲ್ಲ. ಈಗಿನ ಬಾತ್‌ರೂಮ್‌ಗಳಲ್ಲಿ ನೆಲದಡಿ ಟ್ರ್ಯಾಪ್ ಇರುತ್ತದೆ (ಪ್ಲಂಬರ್‌ಗಳು ನಹಾನಿ ಟ್ರ್ಯಾಪ್ ಎನ್ನುತ್ತಾರೆ). ಅದರಲ್ಲಿ ಸದಾ ಒಂದಿಷ್ಟು ನೀರು ನಿಂತು ಚರಂಡಿ ವಾಸನೆಯನ್ನು, ಜಿರಳೆಯನ್ನು ತಡೆಯುತ್ತದೆ. ಕೂದಲು ಸಿಕ್ಕಿಕೊಳ್ಳುವುದೂ ಅಲ್ಲಿಯೇ.

ನೊರೆಗೆ ಎಷ್ಟು ಶಕ್ತಿ?

ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ವಿನೆಗರ್‌ನಲ್ಲಿರುವುದು ಅಸಿಟಿಕ್ ಆಮ್ಲ. ಎರಡೂ ಸೇರಿದಾಗ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು, ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಲವಣ ಉಂಟಾಗುತ್ತವೆ. ನೊರೆ ಇಳಿದ ಮೇಲೆ ಉಳಿಯುವುದು ಉಪ್ಪು ನೀರಿನಂಥ ದ್ರಾವಣ. ಒಂದು ಆಮ್ಲ, ಒಂದು ಕ್ಷಾರ, ಎರಡೂ ಒಂದನ್ನೊಂದು ತಟಸ್ಥಗೊಳಿಸಿ ಮುಗಿಸಿಬಿಡುತ್ತವೆ. ಗುಳ್ಳೆಗಳು ಉಂಡೆಯನ್ನು ಕೆಳಗೆ ತಳ್ಳುವುದಿಲ್ಲ, ತೆರೆದಿರುವ ಬಾಯಿಯ ಕಡೆಗೇ ಎದ್ದುಬರುತ್ತವೆ.

ಲೆಕ್ಕವೂ ಹೊಂದುವುದಿಲ್ಲ. ಅಂಗಡಿ ವಿನೆಗರ್‌ನಲ್ಲಿ ಆಮ್ಲ ಇರುವುದು ಸುಮಾರು 4ರಿಂದ 5 ಶೇಕಡಾ. ಅರ್ಧ ಕಪ್ ವಿನೆಗರ್ ಹೆಚ್ಚೆಂದರೆ 8 ಗ್ರಾಂ ಸೋಡಾವನ್ನು, ಅಂದರೆ ಎರಡು ಟೀ ಚಮಚಕ್ಕಿಂತ ಕಡಿಮೆಯನ್ನು ಖರ್ಚು ಮಾಡುತ್ತದೆ. ಉಳಿದ ಸೋಡಾ ಸುಮ್ಮನೆ ಕೆಳಗಿಳಿಯುತ್ತದೆ. ಈನೋದಲ್ಲಿಯೂ ಇರುವುದು ಇದೇ ಸೋಡಾ ಮತ್ತು ಸಿಟ್ರಿಕ್ ಆಮ್ಲ, ಆದ್ದರಿಂದ ಕಥೆಯೂ ಅದೇ. ಕೂದಲು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್. ವಿನೆಗರ್‌ಗೆ ಅದು ಜಗ್ಗುವುದಿಲ್ಲ.

"ನಮ್ಮ ಮನೆಯಲ್ಲಿ ಕೆಲಸ ಮಾಡಿತಲ್ಲ?" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅದೇ ಸಂದೇಶದ ಕೊನೆಯಲ್ಲಿ ಸಾಮಾನ್ಯವಾಗಿ "ನಂತರ ಬಿಸಿನೀರು ಸುರಿಯಿರಿ" ಎಂದಿರುತ್ತದೆ. ಹೆಪ್ಪುಗಟ್ಟಿದ ಎಣ್ಣೆಯನ್ನು ಕರಗಿಸಿದ್ದು ಆ ಬಿಸಿನೀರು, ಹೆಸರು ಬಂದದ್ದು ನೊರೆಗೆ. ಹಾಗೆಂದು ಕುದಿಯುವ ನೀರು ಬೇಡ. ಪಿವಿಸಿ ಪೈಪುಗಳು ಅಷ್ಟು ಬಿಸಿಗೆ ಮೆತ್ತಗಾಗುತ್ತವೆ, ಅಂಟು ಹಾಕಿದ ಜಾಯಿಂಟ್‌ಗಳು ಸಡಿಲವಾಗುತ್ತವೆ. ಸ್ನಾನಕ್ಕಿಂತ ತುಸು ಬಿಸಿ ಸಾಕು.

ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್: ಎಂದಿಗೂ ಬೇಡ

ಟಾಯ್ಲೆಟ್ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಕಮೋಡ್ ತೊಳೆಯುವ ಹಲವು ದ್ರಾವಣಗಳಲ್ಲೂ ಇದೇ ಇರುತ್ತದೆ. ಇದು ಬ್ಲೀಚಿಂಗ್ ಪೌಡರ್‌ಗೋ ದ್ರವರೂಪದ ಬ್ಲೀಚ್‌ಗೋ ತಾಗಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಶತ್ರುಗಳ ಕಂದಕಗಳತ್ತ ಬಿಟ್ಟದ್ದು ಇದೇ ಅನಿಲವನ್ನು. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಹಾಗಾಗಿ ಚಿಕ್ಕ ಬಾತ್‌ರೂಮಿನ ನೆಲಮಟ್ಟದಲ್ಲೇ, ಕುಕ್ಕರಗಾಲಲ್ಲಿ ಕೂತು ಉಜ್ಜುವವರ ಮುಖದ ಎತ್ತರದಲ್ಲೇ ತುಂಬಿಕೊಳ್ಳುತ್ತದೆ. ವಿನೆಗರ್ ಮತ್ತು ಬ್ಲೀಚ್ ಬೆರೆಸಿದರೂ ಕ್ಲೋರಿನ್ ಬರುತ್ತದೆ. "ಅಡುಗೆಮನೆಯ ವಸ್ತು ತಾನೇ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಕಣ್ಣು, ಗಂಟಲು ಉರಿದು ಕೆಮ್ಮು ಶುರುವಾದರೆ ತೊಳೆಯುವ ಯೋಚನೆ ಬಿಟ್ಟು ತಕ್ಷಣ ಹೊರಗೆ ಬನ್ನಿ. ಬಾಟಲಿ ತರಲೆಂದು ಮತ್ತೆ ಒಳಗೆ ಹೋಗಬೇಡಿ. ಕಣ್ಣನ್ನು ಕನಿಷ್ಠ 15 ನಿಮಿಷ ಶುದ್ಧ ನೀರಿನಲ್ಲಿ ತೊಳೆಯಿರಿ. ಉಸಿರಾಟ ಕಷ್ಟವಾದರೆ 108ಕ್ಕೆ ಕರೆ ಮಾಡಿ. ಮೊದಲು ಸುಧಾರಿಸಿದಂತೆ ಕಂಡು ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಸಂಭವವಿದೆ. ಆದ್ದರಿಂದ ಎದೆ ಬಿಗಿತ, ಕೆಮ್ಮು ಉಳಿದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಅಂಗಡಿಯಲ್ಲಿ ಸಿಗುವ ಡ್ರೈನ್ ಕ್ಲೀನರ್ ಪುಡಿಗಳ ಕಥೆ ಬೇರೆ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ಅದು ಕೂದಲನ್ನು ನಿಜಕ್ಕೂ ಕರಗಿಸುತ್ತದೆ, ಇದನ್ನು ಒಪ್ಪಲೇಬೇಕು. ಆದರೆ ಚರ್ಮವನ್ನೂ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಅದರ ಮೇಲೆ ಆಸಿಡ್ ಸುರಿದರೆ ಜೋರಾಗಿ ಕಾದು ಮುಖಕ್ಕೆ ಸಿಡಿಯುತ್ತದೆ. ಪುಡಿ ಹಾಕಿಯೂ ನೀರು ಹೋಗದೆ ಪ್ಲಂಬರ್‌ನನ್ನು ಕರೆದರೆ, ಅವರು ಕೈ ಹಾಕುವ ಮೊದಲೇ ಏನು ಸುರಿದಿದ್ದೀರಿ ಎಂದು ಹೇಳಿ. ನಮಗೆ ಸಂಕೋಚ, ಅವರಿಗೆ ಸುಟ್ಟ ಗಾಯ ಆಗಬಾರದಲ್ಲ.

ಹಾಗಾದರೆ ಮಾಡುವುದೇನು?

ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಮೊದಲು ಜಾಲರಿ ತೆಗೆಯಿರಿ. ಕೆಲವು ತಿರುಗಿಸಿದರೆ ಬರುತ್ತವೆ, ಕೆಲವನ್ನು ಸ್ಕ್ರೂಡ್ರೈವರ್‌ನಿಂದ ಮೀಟಬೇಕು. ಒಳಗೆ ಜಿರಳೆ ತಡೆಯುವ ಬಟ್ಟಲಿನಂಥ ಭಾಗವಿದ್ದರೆ ಅದನ್ನೂ ಎತ್ತಿ. ಅನೇಕ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ, ಕೂದಲಿನ ಉಂಡೆ ಆ ಬಟ್ಟಲನ್ನೇ ಅಪ್ಪಿಕೊಂಡಿರುತ್ತದೆ. ಇನ್ನೂ ಆಳದಲ್ಲಿದ್ದರೆ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿದ ತಂತಿಯಿಂದ ಎಳೆಯಿರಿ. ಒಳಗೆ ತಳ್ಳಬೇಡಿ, ತಳ್ಳಿದರೆ ಅದು ಕೈಗೆಟುಕದ ಜಾಗಕ್ಕೆ ಹೋಗುತ್ತದೆ. ತೆಗೆದ ಕೂದಲನ್ನು ಕಮೋಡ್‌ಗೆ ಹಾಕದೆ ಕಸಕ್ಕೆ ಹಾಕಿ.

ಆಮೇಲೂ ನಿಧಾನವೇ? ಟ್ರ್ಯಾಪ್‌ನ ಬಾಯಿ ಮುಳುಗುವಷ್ಟು ನೀರು ನಿಲ್ಲಿಸಿ ರಬ್ಬರ್ ಪಂಪ್‌ನಿಂದ ಹತ್ತಿಪ್ಪತ್ತು ಸಲ ಒತ್ತಿ. ವಾಷ್‌ಬೇಸಿನ್ ಪೈಪ್ ಕೂಡ ಅದೇ ಟ್ರ್ಯಾಪ್‌ಗೆ ಬಂದಿದ್ದರೆ ಅದರ ಬಾಯಿಗೆ ಒದ್ದೆ ಬಟ್ಟೆ ತುರುಕಿ, ಇಲ್ಲದಿದ್ದರೆ ಒತ್ತಡವೆಲ್ಲ ಆ ಕಡೆ ಹೋಗುತ್ತದೆ. ಕೊನೆಗೆ ಒಂದು ಬಕೆಟ್ ಬಿಸಿನೀರು ಸುರಿದು ಎಲ್ಲವನ್ನೂ ಮರಳಿ ಕೂರಿಸಿ. ಬಟ್ಟಲನ್ನು ಕಸಕ್ಕೆ ಹಾಕಿದರೆ ನೀರು ಚೆನ್ನಾಗಿ ಹೋಗುತ್ತದೆ ನಿಜ, ಆದರೆ ಜಿರಳೆ ಬರುತ್ತದೆ, ಕೆಲವು ಟ್ರ್ಯಾಪ್‌ಗಳಲ್ಲಿ ವಾಸನೆಯೂ.

ಬಚ್ಚಲು, ಬೇಸಿನ್, ಕಮೋಡ್ ಎಲ್ಲವೂ ಒಟ್ಟಿಗೆ ನಿಧಾನವಾಗಿದ್ದರೆ, ಅಥವಾ ಕಮೋಡ್ ಫ್ಲಶ್ ಮಾಡಿದಾಗ ಬಚ್ಚಲಿನಲ್ಲಿ ಗುಳುಗುಳು ಸದ್ದಾದರೆ ತೊಂದರೆ ನಿಮ್ಮ ಕೂದಲಿನದ್ದಲ್ಲ. ಹೊರಗಿನ ಚೇಂಬರ್ ಅಥವಾ ಮುಖ್ಯ ಲೈನ್ ಕಟ್ಟಿದೆ. ಅಲ್ಲಿಗೆ ಯಂತ್ರದವರನ್ನೇ ಕರೆಸಿ. ಮ್ಯಾನ್‌ಹೋಲ್‌ಗಾಗಲಿ ಸೆಪ್ಟಿಕ್ ಟ್ಯಾಂಕ್‌ಗಾಗಲಿ ಸುರಕ್ಷತಾ ಸಾಧನಗಳಿಲ್ಲದೆ ಯಾರನ್ನೂ ಇಳಿಸುವಂತಿಲ್ಲ, 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯಡಿ ಅದು ಅಪರಾಧ. ಒಳಗಿನ ವಿಷಾನಿಲ ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪಿಸಬಲ್ಲದು.