ಬಿಸಿಲು ಮತ್ತು ಚರ್ಮದ ಕ್ಯಾನ್ಸರ್: ಸಂಶೋಧನೆಯ ಚರಿತ್ರೆ

ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮಕೋಶದ ಡಿಎನ್‌ಎಯನ್ನು ಕೆಡಿಸಿ ಕ್ಯಾನ್ಸರ್‌ಗೆ ಎಡೆಮಾಡುತ್ತವೆ ಎಂಬುದು ಖಚಿತವಾಗಲು ಸುಮಾರು ನೂರು ವರ್ಷ ಹಿಡಿಯಿತು. ಮೊದಲ ಗುಮಾನಿ ಹುಟ್ಟಿದ್ದು ಬಿಸಿಲಲ್ಲಿ ದುಡಿಯುವ ಕಸುಬುಗಳಿಂದ. 1894ರಲ್ಲಿ ಹ್ಯಾಂಬರ್ಗಿನ ಚರ್ಮವೈದ್ಯ ಪಾಲ್ ಗೆರ್ಸನ್ ಉನ್ನಾ, ನಾವಿಕರ ಒರಟುಗಟ್ಟಿದ ಚರ್ಮದಲ್ಲಿ ಕ್ಯಾನ್ಸರ್ ಬೆಳೆಯುವುದನ್ನು ವಿವರಿಸಿದರು. ಬೋರ್ಡೋದಲ್ಲಿ ವಿಲಿಯಂ ದ್ಯುಬ್ರೊಯ್ ದ್ರಾಕ್ಷಿತೋಟದ ಆಳುಗಳಲ್ಲೂ ಅದನ್ನೇ ಕಂಡರು. 1928ರಲ್ಲಿ ಜಿ. ಎಂ. ಫಿಂಡ್ಲೆ ಅತಿನೇರಳೆ ದೀಪದಿಂದಲೇ ಇಲಿಗಳಲ್ಲಿ ಗಡ್ಡೆ ಬರಿಸಿ ತೋರಿಸಿದರು.

ಅದು ಹೇಗಾಗುತ್ತದೆ ಎಂಬುದರ ಸುಳಿವು ಸಿಕ್ಕಿದ್ದು 1960ರಲ್ಲಿ, ಹಾಲೆಂಡಿನಲ್ಲಿ. ಬ್ಯೂಕರ್ಸ್ ಮತ್ತು ಬೆರೆಂಡ್ಸ್, ಡಿಎನ್‌ಎಯ ‘ಅಕ್ಷರ’ಗಳಲ್ಲೊಂದಾದ ಥೈಮಿನ್‌ನ ಹೆಪ್ಪುಗಟ್ಟಿಸಿದ ದ್ರಾವಣವನ್ನು ಅತಿನೇರಳೆ ಬೆಳಕಿಗೆ ಒಡ್ಡಿದಾಗ ಅಕ್ಕಪಕ್ಕದ ಅಣುಗಳು ಎರಡೆರಡಾಗಿ ಬೆಸೆದುಕೊಂಡವು. ಡಿಎನ್‌ಎ ಎಳೆಯಲ್ಲಿ ಹೀಗಾದರೆ ನಕಲಾಗುವಾಗ ಅಕ್ಷರ ತಪ್ಪಬಹುದು. ಆರೋಗ್ಯವಂತ ಕೋಶ ಕೆಟ್ಟ ತುಣುಕನ್ನು ಕತ್ತರಿಸಿ ತೆಗೆದು ಹೊಸದನ್ನು ಕೂಡಿಸುತ್ತದೆ. ಕ್ಸೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ವಂಶಪಾರಂಪರ್ಯ ಕಾಯಿಲೆ ಇರುವವರಲ್ಲಿ ಈ ದುರಸ್ತಿ ಸರಿಯಾಗಿ ನಡೆಯುವುದಿಲ್ಲ ಎಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದರು. ಈ ಕಾಯಿಲೆಯ ಮಕ್ಕಳಿಗೆ ಹತ್ತು ವರ್ಷ ತುಂಬುವ ಮೊದಲೇ ಚರ್ಮದ ಕ್ಯಾನ್ಸರ್ ಬರುವುದುಂಟು. ದುರಸ್ತಿಯ ವಿವರಗಳನ್ನು ಬಿಡಿಸಿದ ಅಜೀಜ್ ಸಂಜಾರ್ 2015ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು.

ಅಷ್ಟಾದರೂ, ಒಬ್ಬ ರೋಗಿಯ ಗಡ್ಡೆಗೆ ಬಿಸಿಲೇ ಕಾರಣ ಎನ್ನಲು ಆಧಾರವಿರಲಿಲ್ಲ. ಅದನ್ನು ಒದಗಿಸಿದ್ದು 1991ರಲ್ಲಿ ಡಗ್ಲಸ್ ಬ್ರ್ಯಾಶ್ ತಂಡ. ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಪಿ53 ಜೀನನ್ನು 24 ಗಡ್ಡೆಗಳಲ್ಲಿ ಓದಿದಾಗ 14ರಲ್ಲಿ ಅದು ಕೆಟ್ಟಿತ್ತು. ಕೆಲವೆಡೆ ಜೋಡಿ ‘ಸಿಸಿ’ (ಸಿ ಎಂದರೆ ಸೈಟೊಸಿನ್ ಎಂಬ ಅಕ್ಷರ) ಇರಬೇಕಾದಲ್ಲಿ ‘ಟಿಟಿ’ (ಟಿ ಎಂದರೆ ಥೈಮಿನ್) ಇತ್ತು. ಇದು ಅತಿನೇರಳೆ ಕಿರಣದ ಬೆರಳಚ್ಚು. ಇಷ್ಟು ಸ್ಪಷ್ಟ ಗುರುತು ಬಿಟ್ಟುಹೋಗುವ ಕ್ಯಾನ್ಸರ್‌ಕಾರಕಗಳು ಕಡಿಮೆ. 2010ರಲ್ಲಿ ಪ್ರಕಟವಾದ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಒಂದು ಪೂರ್ಣ ಜೀನೋಮ್‌ನಲ್ಲಿ 33,345 ಅಕ್ಷರ ಬದಲಾವಣೆಗಳಿದ್ದವು, ಬಹುಪಾಲು ‘ಸಿ’ ಇರಬೇಕಾದಲ್ಲಿ ‘ಟಿ’ ಬಂದಂಥ, ಅತಿನೇರಳೆಯ ಗುರುತಿನವು.

ಹಾಗೆಂದು ಲೆಕ್ಕ ಅಷ್ಟು ನೇರವಾಗಿಲ್ಲ. 2002ರಲ್ಲಿ ಪತ್ತೆಯಾದ, ಸುಮಾರು ಅರ್ಧದಷ್ಟು ಮೆಲನೋಮಗಳಲ್ಲಿ ಕಾಣುವ ಬಿಆರ್‌ಎಎಫ್ ಜೀನಿನ ಬದಲಾವಣೆಗೆ ಬಿಸಿಲಿನ ಆ ಗುರುತೇ ಇಲ್ಲ. 2015ರಲ್ಲಿ ಕೆಲವರ ರೋಗವಿಲ್ಲದ ಕಣ್ಣುರೆಪ್ಪೆಯ ಚರ್ಮವನ್ನು ಪರೀಕ್ಷಿಸಿದಾಗ, ಕಾಲುಭಾಗದಷ್ಟು ಕೋಶಗಳಲ್ಲಿ ಕ್ಯಾನ್ಸರಿಗೆ ನೂಕುವ ಬದಲಾವಣೆಗಳು ಆಗಲೇ ಇದ್ದವು. ಅಂದರೆ ಇಂಥ ಒಂದೆರಡು ಬದಲಾವಣೆ ಸಾಲದು, ಇನ್ನಷ್ಟು ಕೂಡಬೇಕು. ಭಾರತೀಯರ ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಹೆಚ್ಚಿರುವುದರಿಂದ ಬಿಸಿಲಿನ ಕ್ಯಾನ್ಸರ್ ಕಡಿಮೆ. ಇಲ್ಲಿ ಅಂಗಾಲಿನಲ್ಲಿ ಏಳುವ ಮೆಲನೋಮಕ್ಕೂ ಬಿಸಿಲಿಗೂ ಹೆಚ್ಚಿನ ನಂಟಿಲ್ಲ.