ಸಿಲ್ಸಿಲಾ ಓಡುತ್ತಿದ್ದ ಊರು: ಗುಲಾಮ್ ಮೊಹಮ್ಮದ್ ಶೇಖ್ ಕಂಡ ಬರೋಡಾ

ಮೂರು ಜನ ಗಂಡಸರು ತಲೆ ಕೂಡಿಸಿ ನಿಂತು ಒಂದೇ ಕಡ್ಡಿಯ ಬೆಂಕಿಯಲ್ಲಿ ಹೊಗೆ ಹಚ್ಚಿಕೊಳ್ತಾ ಇದ್ದಾರೆ. ಇನ್ನೊಂದು ಕಡೆ ತರಕಾರಿ ಮಾರುವ ಹೆಂಗಸು, ಅವಳ ಕೈಗಾಡಿ. ಟಾಕೀಸಿನಲ್ಲಿ ಸಿನಿಮಾ ನಡೆದಿದೆ, ಹೆಸರು 'ಸಿಲ್ಸಿಲಾ'. ಅದೇ ಊರಿನ ಮತ್ತೊಂದು ಓಣಿಯಲ್ಲಿ ಗಲಭೆ. ಇಷ್ಟೆಲ್ಲ ಒಂದೇ ಕ್ಯಾನ್ವಾಸಿನ ಮೇಲೆ ಇದೆ. ಗುಲಾಮ್ ಮೊಹಮ್ಮದ್ ಶೇಖ್ ಅವರು 1981ರಲ್ಲಿ ಶುರು ಮಾಡಿ 1984ರಲ್ಲಿ ಮುಗಿಸಿದ ಈ ಚಿತ್ರದ ಹೆಸರು 'ಸಿಟಿ ಫಾರ್ ಸೇಲ್', ಅಂದರೆ ಮಾರಾಟಕ್ಕಿಟ್ಟ ಊರು. ಊರು ಬರೋಡಾ, ಇವತ್ತಿನ ವಡೋದರಾ. ಚಿತ್ರ ಈಗ ಇರುವುದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ.

ಶೇಖ್ ಹುಟ್ಟಿದ್ದು 1937ರಲ್ಲಿ, ಸೌರಾಷ್ಟ್ರದ ಸುರೇಂದ್ರನಗರದಲ್ಲಿ. 1955ರಲ್ಲಿ ಓದಲಿಕ್ಕೆ ಬರೋಡಾಕ್ಕೆ ಬಂದವರು ಅಲ್ಲೇ ಮೇಷ್ಟ್ರಾದರು. ಮೊದಲು ಕಲಾ ಇತಿಹಾಸ, ಆಮೇಲೆ ಚಿತ್ರಕಲೆ ಕಲಿಸಿದರು. ಗುಜರಾತಿಯಲ್ಲಿ ಕವಿಯೂ ಹೌದು. ಅವರ 'ಘೇರ್ ಜತಾಂ' ಪುಸ್ತಕಕ್ಕೆ 2022ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ನಮ್ಮ ವಿದ್ಯಾರ್ಥಿಗಳಿಗೆ ಎಂ.ಎಫ್. ಹುಸೇನ್ ಹೆಸರು ಗೊತ್ತು, ಶೇಖ್ ಹೆಸರು ಗೊತ್ತಿಲ್ಲ. ವಿವಾದ ಆಗದಿದ್ದರೆ ನಾವು ಚಿತ್ರಗಾರರನ್ನು ನೆನಪಿಟ್ಟುಕೊಳ್ಳೋದೇ ಇಲ್ಲ ಅನ್ನಿಸುತ್ತೆ.

ಬರೋಡಾ ಸಾಮಾನ್ಯ ಊರಲ್ಲ. ಮೂರನೇ ಸಯಾಜಿರಾವ್ ಗಾಯಕವಾಡರು 1906ರಲ್ಲೇ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದ್ದರು. ಅಂಬೇಡ್ಕರರನ್ನು ಅಮೆರಿಕಕ್ಕೆ ಕಳಿಸಿದ್ದೂ ಇದೇ ದರ್ಬಾರಿನ ವಿದ್ಯಾರ್ಥಿವೇತನ. ಆದರೆ ಅದೇ ಅಂಬೇಡ್ಕರರು 1917ರಲ್ಲಿ ನೌಕರಿಗೆಂದು ಬರೋಡಾಕ್ಕೆ ಬಂದಾಗ ಇರಲಿಕ್ಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಿಂದಲೂ ಹೊರಗೆ ಹಾಕಿದರು. ಮಹಾರಾಜ ಸ್ಕೂಲು ಕಟ್ಟಿಸಬಹುದು, ಓಣಿಯ ಬಾಗಿಲು ತೆಗೆಸೋದು ಅವನ ಕೈಯಲ್ಲಿರಲಿಲ್ಲ. ಪುಣೆ, ಮುಂಬೈಯಲ್ಲಿ ಬಾಡಿಗೆ ಮನೆ ಹುಡುಕುವಾಗ ಬ್ರೋಕರು ಮೊದಲು ಹೆಸರು ಕೇಳಿ, ಆಮೇಲೆ ಮಾತು ಬದಲಿಸುವುದನ್ನು ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ವಾತಂತ್ರ್ಯದ ನಂತರ ಊರು ಬೇಗ ಬೇಗ ಬದಲಾಯಿತು. 1960ರ ದಶಕದಲ್ಲಿ ಹತ್ತಿರದ ಕೋಯಲಿಯಲ್ಲಿ ತೈಲ ಶುದ್ಧೀಕರಣ ಕಾರ್ಖಾನೆ ಬಂತು. ಗೊಬ್ಬರದ ಕಾರ್ಖಾನೆ, ಪೆಟ್ರೋಕೆಮಿಕಲ್ಸ್ ಬಂದವು. ಕೆಲಸ ಹುಡುಕಿ ಜನ ಬಂದರು, ಜಾಗದ ಬೆಲೆ ಏರಿತು. 1981-82ರಲ್ಲಿ ಹಳೇ ಪೇಟೆಯಲ್ಲಿ ಹಿಂದೂ-ಮುಸ್ಲಿಂ ಗಲಭೆ. ಯಶ್ ಚೋಪ್ರಾ ಅವರ 'ಸಿಲ್ಸಿಲಾ' ತೆರೆಕಂಡಿದ್ದೂ 1981ರಲ್ಲೇ. ಗಂಡಹೆಂಡಿರ ಆಚೆಗಿನ ಪ್ರೇಮದ ಕಥೆ ಅದು. ಒಂದು ಕಡೆ ಊರು ಉರಿಯುತ್ತಿದೆ, ಇನ್ನೊಂದು ಕಡೆ ಅಮಿತಾಭ್-ರೇಖಾ. ಶೇಖ್ ಈ ಎರಡನ್ನೂ ಪಕ್ಕಪಕ್ಕ ಇಟ್ಟರು.

ಉರ್ದು ಕಲಿಸುವ ನನಗೆ ಈ ಸಿನಿಮಾ ಹೆಸರಿನ ಹತ್ತಿರ ಕಾಲು ನಿಲ್ಲುತ್ತೆ. ಸಿಲ್ಸಿಲಾ ಅಂದರೆ ಸರಪಳಿ, ಒಂದರ ಹಿಂದೆ ಒಂದು ಬರುವುದು. ಸೂಫಿಗಳ ಗುರುಪರಂಪರೆಗೂ ಇದೇ ಮಾತು. ಕಲಬುರಗಿಯ ಬಂದೇನವಾಜರು ಚಿಶ್ತಿ ಸಿಲ್ಸಿಲಾಕ್ಕೆ ಸೇರಿದವರು ಅಂತೀವಲ್ಲ, ಅದೇ. ಗಲಭೆಗಳಿಗೂ ಅದೇ ಪದ ಬಳಸ್ತೀವಿ, 'ದಂಗೋಂ ಕಾ ಸಿಲ್ಸಿಲಾ' ಅಂತ. ಚಿತ್ರಗಾರ ಬೇಕೆಂದೇ ಮೂರೂ ಅರ್ಥ ಇಟ್ಟರೋ ಇಲ್ಲವೋ, ಉರ್ದು ಬಲ್ಲವರ ಕಣ್ಣಿಗೆ ಮೂರೂ ಬೀಳುತ್ತವೆ.

ಬೀದಿಯನ್ನು ಹೀಗೆ ಬರೆಯೋದು ಅವರು ಎಲ್ಲಿಂದ ಕಲಿತರು? 1963ರಿಂದ 66ರವರೆಗೆ ಅವರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದರು. ಪಕ್ಕದಲ್ಲೇ ಮೇಲೆ ಹೇಳಿದ ಮ್ಯೂಸಿಯಂ. ಅಲ್ಲಿ ಅಕ್ಬರ್ ಬಾದಶಹನ ಕಾಲದ ಹಂಜಾನಾಮಾದ ದೊಡ್ಡ ಹಾಳೆಗಳಿವೆ. ಇಟಲಿಯ ಸಿಯೆನಾದಲ್ಲಿ ಅಂಬ್ರೋಜಿಯೋ ಲೊರೆಂಜೆತ್ತಿ 1338-39ರಲ್ಲಿ ಪುರಸಭೆಯ ಗೋಡೆ ಮೇಲೆ ಒಳ್ಳೆಯ ಆಡಳಿತ, ಕೆಟ್ಟ ಆಡಳಿತ ಎರಡರ ಊರನ್ನೂ ಬರೆದಿದ್ದಾನೆ. ಶೇಖ್ ಎರಡೂ ಕಡೆಯಿಂದ ತಗೊಂಡರು. ಮೊಘಲ್ ಚಿತ್ರದಲ್ಲಿ ನೋಡುವವನು ಒಂದೇ ಜಾಗದಲ್ಲಿ ನಿಂತಿರೋದಿಲ್ಲ. ಕೋಟೆಯ ಒಳಗೆ ನಡೆಯೋದು, ಹೊರಗೆ ನಡೆಯೋದು, ಮಾಳಿಗೆ ಮೇಲೆ ನಡೆಯೋದು, ಎಲ್ಲ ಒಟ್ಟಿಗೆ ಕಾಣುತ್ತೆ. ಫೋಟೋಗೆ ಇದು ಆಗದ ಕೆಲಸ.

ಗಲಭೆಯನ್ನು ಸಿನಿಮಾ, ತರಕಾರಿಯ ಜೊತೆ ಸೇರಿಸಿಬಿಟ್ಟರೆ ಅದರ ನೋವು ಕಮ್ಮಿಯಾಗೋದಿಲ್ಲವಾ ಅಂತ ಯಾರಾದರೂ ಕೇಳಬಹುದು. ನನಗೆ ಹಾಗನ್ನಿಸಲ್ಲ. ಕರ್ಫ್ಯೂ ಕಂಡ ಹಿರಿಯರನ್ನು ಕೇಳಿ ನೋಡಿ. ಮಗುವಿಗೆ ಹಾಲು ಸಿಗಲಿಲ್ಲ, ಮೂರು ದಿನ ಬರೀ ಬೇಳೆ ತಿಂದೆವು, ಅಂತಲೇ ಶುರು ಮಾಡ್ತಾರೆ. ನಮ್ಮ ಇತಿಹಾಸ ಬರೆಯುವವರು ಸತ್ತವರ ಲೆಕ್ಕ, ಆಯೋಗದ ವರದಿ ಬರೀತಾರೆ. ಅದು ಬೇಕೇ ಬೇಕು. ಆದರೆ ಆ ದಿನ ಸೌತೆಕಾಯಿ ಮಾರಲಿಕ್ಕೆ ಹೊರಟವಳು ಅದರಲ್ಲಿ ಬರೋದಿಲ್ಲ. ಮತ್ತೆ ಆ ಮೂರು ಜನ! ಅವರು ಗೆಳೆಯರೋ, ಏನೋ ಸಂಚು ಮಾಡ್ತಿರುವವರೋ? ಕೈಯಲ್ಲಿರೋದು ಹೊಗೆ ಸೇದುವ ಬೆಂಕಿಯೋ, ಅಂಗಡಿ ಸುಡುವ ಬೆಂಕಿಯೋ? ಬೀದಿಯಲ್ಲಿ ಬದುಕುವವನಿಗೆ ಅದು ಮುಂಚೆ ಗೊತ್ತಾಗೋದಿಲ್ಲ.

ಚಿತ್ರ ಮುಗಿದ ಮೇಲೆ ಹೆಸರಿಗೆ ಇನ್ನೊಂದು ಅರ್ಥ ಸೇರಿಕೊಂಡಿತು. ಗುಜರಾತಿನಲ್ಲಿ 1986ರಲ್ಲಿ ಬಂದು 1991ರಲ್ಲಿ ಮತ್ತೆ ರೂಪಗೊಂಡ 'ಅಶಾಂತ ಪ್ರದೇಶ' ಕಾಯ್ದೆಯ ಪ್ರಕಾರ, ಸರ್ಕಾರ ಸಾರಿದ ಏರಿಯಾಗಳಲ್ಲಿ ಮನೆ ಮಾರಬೇಕಾದರೆ ಕಲೆಕ್ಟರ ಅನುಮತಿ ಬೇಕು. ಗಲಭೆಗೆ ಹೆದರಿ ಜನ ಸಿಕ್ಕ ಬೆಲೆಗೆ ಮನೆ ಮಾರಿ ಹೋಗಬಾರದು ಅನ್ನೋದು ಅದರ ಉದ್ದೇಶವಾಗಿತ್ತು. ಉದ್ದೇಶ ಒಳ್ಳೆಯದೇ. ಆದರೆ ಹಿಂದೂ ಓಣಿಯಲ್ಲಿ ಮುಸ್ಲಿಂ ಮನೆ ಕೊಳ್ಳೋದನ್ನು ತಡೆಯಲಿಕ್ಕೂ ಅದನ್ನೇ ಹಿಡಿದರು. ವಡೋದರಾದ ಹಲವು ಏರಿಯಾಗಳು ಈ ಕಾಯ್ದೆಯ ಕೆಳಗಿವೆ.

ಲಂಡನ್ನಿಗೆ ಹೋಗಲಾರದವರು ಮ್ಯೂಸಿಯಮ್ಮಿನ ವೆಬ್‌ಸೈಟಿನಲ್ಲಿ ಚಿತ್ರವನ್ನು ನೋಡಬಹುದು. ಮೊಬೈಲಿನಲ್ಲಾದರೆ ಬೆರಳಿನಿಂದ ದೊಡ್ಡದು ಮಾಡಿ, ಒಂದೊಂದೇ ಓಣಿ ನೋಡ್ತಾ ಹೋಗಿ. ಮೊದಲು ತರಕಾರಿಯವಳನ್ನು ಹುಡುಕಿ.